ಫಾರಂ ತುಂಬಿದ ಮೇಲೆ

ಮೊಬೈಲ್ ಸಂಖ್ಯೆಯ ಕಾಲಂನಲ್ಲಿ 2147483647 ಎಂಬ ಅಂಕಿ ಒಂದರ ಕೆಳಗೊಂದು ಸಾಲುಗಟ್ಟಿ ನಿಂತಿದ್ದರೆ, ಆ ಟೇಬಲ್ ಕಟ್ಟಿದವರು ಎಲ್ಲಿ ಎಡವಿದ್ದಾರೆಂದು ಅನುಭವಿಗಳು ನೋಡಿದ ಕೂಡಲೇ ಹೇಳುತ್ತಾರೆ. ಸಂಖ್ಯೆ ಇಡಲು ಅವರು 32 ಬಿಟ್‌ನ ಪೂರ್ಣಾಂಕ ಆರಿಸಿದ್ದಾರೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಅಂಕಿ ಅದೇ. ಭಾರತದ ಮೊಬೈಲ್ ಸಂಖ್ಯೆಗಳು ಶುರುವಾಗುವುದೇ 6ರಿಂದ 9ರವರೆಗಿನ ಅಂಕಿಗಳಲ್ಲಿ. ಹತ್ತು ಅಂಕಿಯ ಅಂಥ ಒಂದು ಸಂಖ್ಯೆಯೂ ಆ ಕಾಲಂನಲ್ಲಿ ಹಿಡಿಸದು. ಹಳೆಯ ಮೈಎಸ್‌ಕ್ಯುಎಲ್ ಡೇಟಾಬೇಸ್ ಇದಕ್ಕೆಲ್ಲ ತಕರಾರು ತೆಗೆಯುತ್ತಿರಲಿಲ್ಲ. ಹಿಡಿಸಿದಷ್ಟನ್ನು ಇಟ್ಟುಕೊಂಡು, ಯಾರೂ ಓದದ ಒಂದು ಎಚ್ಚರಿಕೆಯನ್ನು ಗೊಣಗಿ ಸುಮ್ಮನಾಗುತ್ತಿತ್ತು. ಫಾರಂ ತುಂಬಿದವರ ಪರದೆಯ ಮೇಲೆ ಮಾತ್ರ ‘ಧನ್ಯವಾದ, ನಿಮ್ಮ ಮಾಹಿತಿ ಉಳಿಸಲಾಗಿದೆ’ ಎಂದು ಮೂಡುತ್ತಿತ್ತು. ಹೊಂದದ ಮಾಹಿತಿಯನ್ನು ತಾನಾಗಿಯೇ ತಿರಸ್ಕರಿಸುವ ಕಟ್ಟುನಿಟ್ಟು ಮೈಎಸ್‌ಕ್ಯುಎಲ್‌ಗೆ ಬಂದದ್ದು 2015ರ 5.7ನೇ ಆವೃತ್ತಿಯಲ್ಲಿ. ಅಷ್ಟರಲ್ಲಿ ಅದಕ್ಕೆ ಇಪ್ಪತ್ತು ವರ್ಷ ತುಂಬಿತ್ತು.

ಫಾರಂನ ಮಾಹಿತಿಯನ್ನು ಡೇಟಾಬೇಸಿಗೆ ಸೇರಿಸುವುದು ವೆಬ್ ಕಲಿಯಲು ಕೂತವರ ಮೊದಲ ಪಾಠಗಳಲ್ಲೊಂದು. ಹೆಸರು, ಇಮೇಲ್, ಒಂದು ಗುಂಡಿ, ಹಿಂದೆ ನಾಲ್ಕು ಸಾಲು ಕೋಡ್. ಆ ಪಾಠದಲ್ಲಿ ಬಿಟ್ಟುಹೋಗುವ ಸಂಗತಿಗಳೇ ವೆಬ್‌ನ ದೊಡ್ಡ ಅವಘಡಗಳ ಪಟ್ಟಿಯನ್ನು ಬೆಳೆಸಿವೆ. ಮೂವತ್ತು ವರ್ಷಗಳ ಈ ವ್ಯವಹಾರವನ್ನು ಒಟ್ಟಾಗಿ ನೋಡಿದರೆ ಬಗೆಹರಿದ ಭಾಗವನ್ನು ನಾವು ಮತ್ತೆ ಮತ್ತೆ ಕೆಡಿಸಿಕೊಳ್ಳುತ್ತಿರುವುದು ಕಾಣುತ್ತದೆ. ಬಗೆಹರಿಯದ ಭಾಗವನ್ನಂತೂ ಪ್ರಶ್ನೆಯೆಂದೇ ಎಣಿಸಿಲ್ಲ.

ಡೇಟಾಬೇಸ್ ವೆಬ್‌ಗಿಂತ ಹಳೆಯದು. ಐಬಿಎಂನ ಎಡ್ಗರ್ ಕಾಡ್ ತಮ್ಮ ಸಂಬಂಧಾತ್ಮಕ ಮಾದರಿಯನ್ನು ಪ್ರಕಟಿಸಿದ್ದು 1970ರಲ್ಲಿ. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, ಡೇಟಾಬೇಸಿಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯುಎಲ್‌ನ ಮೊದಲ ರೂಪವನ್ನು ಮುಂದಿಟ್ಟರು. ಆ ಕಾಲದಲ್ಲಿ ಜನಸಾಮಾನ್ಯರಿಗೂ ಡೇಟಾಬೇಸಿಗೂ ನಡುವೆ ಒಬ್ಬ ಗುಮಾಸ್ತ ಇರುತ್ತಿದ್ದ. ಕಾಗದದ ಅರ್ಜಿ ಅವನ ಕೈಗೆ ಬರುತ್ತಿತ್ತು. ಹುಟ್ಟಿದ ದಿನಾಂಕ ಮುಂದಿನ ವರ್ಷದ್ದಾಗಿದ್ದರೆ ಅವನು ಅರ್ಜಿಯನ್ನು ವಾಪಸ್ ತಳ್ಳುತ್ತಿದ್ದ. ಒಂದೇ ಅರ್ಜಿ ಎರಡು ಸಲ ಬಂದರೆ ಗುರುತು ಹಿಡಿಯುತ್ತಿದ್ದ. ಏನೂ ಅರ್ಥವಾಗದಿದ್ದರೆ ಕಿಟಕಿಯಿಂದಲೇ ಕೂಗಿ ಕೇಳುತ್ತಿದ್ದ. 1993ರಲ್ಲಿ ವೆಬ್ ಸರ್ವರ್‌ಗಳು ಹೊರಗಿನ ಪ್ರೋಗ್ರಾಂ ಓಡಿಸುವ ಸಿಜಿಐ ವಿಧಾನ ಅಮೆರಿಕದ ಎನ್‌ಸಿಎಸ್‌ಎ ಕೇಂದ್ರದಿಂದ ಬಂತು. 1995ರ ನವೆಂಬರ್‌ನ ಎಚ್‌ಟಿಎಂಎಲ್ 2.0 ಫಾರಂಗೆ ಅಧಿಕೃತ ರೂಪ ಕೊಟ್ಟಿತು. ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿಯನ್ನು ಹೊರಬಿಟ್ಟದ್ದೂ ಮೈಎಸ್‌ಕ್ಯುಎಲ್ ಹುಟ್ಟಿದ್ದೂ ಅದೇ ವರ್ಷ. ಜಗತ್ತಿನ ಯಾವ ಮೂಲೆಯಲ್ಲಿ ಕೂತವರೂ ನೇರವಾಗಿ ಟೇಬಲ್‌ಗೆ ಬರೆಯುವಂತಾಯಿತು. ಗುಮಾಸ್ತ ಕಿಟಕಿಯಿಂದ ಎದ್ದುಹೋದ. ಅವನು ಮಾಡುತ್ತಿದ್ದ ಕೆಲಸಗಳನ್ನು ಕೋಡ್‌ನಲ್ಲಿ ಒಂದೊಂದಾಗಿ ಮರಳಿ ಕಟ್ಟಬೇಕೆಂಬುದು ಹೊಳೆಯಲು ಹಲವು ಪೆಟ್ಟುಗಳು ಬೀಳಬೇಕಾದವು.

ಮೊದಲ ಪೆಟ್ಟು, ಇವತ್ತಿಗೂ ನಿಲ್ಲದ ಪೆಟ್ಟು, ಎಸ್‌ಕ್ಯುಎಲ್ ಇಂಜೆಕ್ಷನ್. ಫಾರಂನಿಂದ ಬಂದ ಹೆಸರನ್ನು ಕ್ವೆರಿಯ ವಾಕ್ಯದ ನಡುವೆ ಅಂಟಿಸಿ ಡೇಟಾಬೇಸಿಗೆ ಕಳಿಸುವುದು ಆಗಿನ ರೂಢಿ. ಹೆಸರು ಎಲ್ಲಿ ಮುಗಿಯಿತು, ಆದೇಶ ಎಲ್ಲಿ ಮತ್ತೆ ಶುರುವಾಯಿತು ಎಂದು ಡೇಟಾಬೇಸಿಗೆ ಗೊತ್ತಾಗುವುದು ಒಂದು ಒಂಟಿ ಉದ್ಧರಣ ಚಿಹ್ನೆಯಿಂದ. ಆ ಚಿಹ್ನೆಯನ್ನು ಬಳಕೆದಾರನೇ ಹೆಸರಿನ ಚೌಕದಲ್ಲಿ ಟೈಪ್ ಮಾಡಿದರೆ ಹೆಸರು ಅಲ್ಲಿಗೇ ಮುಗಿಯುತ್ತದೆ. ಮುಂದೆ ಅವನು ಬರೆದದ್ದೆಲ್ಲ ಆದೇಶ. ಐರ್ಲೆಂಡಿನ ಓ’ಬ್ರಯನ್‌ರಂಥವರು ಏನೂ ಕೆಟ್ಟದ್ದು ಯೋಚಿಸದೆಯೇ ಎಷ್ಟೋ ತಾಣಗಳನ್ನು ಕೆಡವಿದ್ದು ಹೀಗೆ. ಜೆಫ್ ಫಾರಿಸ್ಟಲ್ ಇದನ್ನು ‘ಫ್ರಾಕ್’ ಪತ್ರಿಕೆಯ 54ನೇ ಸಂಚಿಕೆಯಲ್ಲಿ ವಿವರಿಸಿದ್ದು 1998ರ ಡಿಸೆಂಬರ್‌ನಲ್ಲಿ.

ಪಿಎಚ್‌ಪಿ ಲೋಕ ಇದಕ್ಕೆ ಹುಡುಕಿದ ಮದ್ದಿನ ಕಥೆ ಸ್ವಾರಸ್ಯದ್ದು. ‘ಮ್ಯಾಜಿಕ್ ಕೋಟ್ಸ್’ ಎಂಬ ಸೌಲಭ್ಯ ಒಳಬಂದ ಪ್ರತಿ ಉದ್ಧರಣ ಚಿಹ್ನೆಯ ಮುಂದೆ ತಾನಾಗಿಯೇ ಒಂದು ಓರೆಗೆರೆ ಹಾಕುತ್ತಿತ್ತು. ಕ್ವೆರಿಗೆ ಹೋಗದ ಮಾಹಿತಿಗೂ ಓರೆಗೆರೆ, ಈಗಾಗಲೇ ಓರೆಗೆರೆ ಇದ್ದದ್ದಕ್ಕೆ ಇನ್ನೊಂದು. ತಿದ್ದುಪಡಿ ಮಾಡಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಓ’ಬ್ರಯನ್‌ರ ಹೆಸರಿನಲ್ಲಿ ಗೆರೆಗಳು ಮರಿಹಾಕುತ್ತಿದ್ದವು. ಸೌಲಭ್ಯ ಒಂದು ಸರ್ವರ್‌ನಲ್ಲಿ ಚಾಲೂ, ಇನ್ನೊಂದರಲ್ಲಿ ಬಂದ್. ಹಾಗಾಗಿ ಇಲ್ಲಿ ಸುರಕ್ಷಿತವಾದ ಕೋಡ್ ಅಲ್ಲಿ ಬಾಗಿಲು ತೆರೆದ ಮನೆ. 2009ರಲ್ಲಿ ಅದನ್ನು ಬಳಸಬೇಡಿ ಎಂದರು, 2012ರ 5.4ನೇ ಆವೃತ್ತಿಯಲ್ಲಿ ಕಿತ್ತೇಹಾಕಿದರು. ನಿಜವಾದ ಪರಿಹಾರ ಅಷ್ಟರಲ್ಲಿ ಎಲ್ಲರ ಕೈಗೂ ಬಂದಿತ್ತು: ಕ್ವೆರಿಯ ವಾಕ್ಯವನ್ನು ಖಾಲಿ ಜಾಗಗಳೊಂದಿಗೆ ಮೊದಲೇ ಕಳಿಸುವುದು, ಆ ಜಾಗಗಳಲ್ಲಿ ಕೂರಬೇಕಾದ ಮೌಲ್ಯಗಳನ್ನು ಬೇರೆಯಾಗಿ ಕಳಿಸುವುದು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುವುದು ಇದಕ್ಕೇ. ಆದೇಶವನ್ನು ಡೇಟಾಬೇಸ್ ಓದಿ ಮುಗಿಸಿದ ಮೇಲೆಯೇ ಮೌಲ್ಯ ಬರುವುದರಿಂದ, ಅದರಲ್ಲಿ ಏನೇ ಬರೆದಿದ್ದರೂ ಅದು ಬರೀ ಅಕ್ಷರ. ಇದಕ್ಕೆ ಒಂದೇ ಒಂದು ಮಿತಿ. ಟೇಬಲ್ ಅಥವಾ ಕಾಲಂನ ಹೆಸರನ್ನು, ‘ಯಾವುದರ ಪ್ರಕಾರ ಜೋಡಿಸಲಿ’ ಎಂಬಂಥದ್ದನ್ನು ಹೀಗೆ ಕಳಿಸಲಾಗದು. ಅಲ್ಲಿ ಒಪ್ಪಿತ ಹೆಸರುಗಳ ಪಟ್ಟಿ ಇಟ್ಟುಕೊಂಡು ಹೋಲಿಸಬೇಕು. ಒಳ್ಳೆಯ ಫ್ರೇಮ್‌ವರ್ಕ್ ಬಳಸುವ ತಂಡಗಳೂ ಇಂಜೆಕ್ಷನ್‌ಗೆ ಸಿಕ್ಕಿಬೀಳುವುದು ಹೆಚ್ಚಾಗಿ ಈ ಸಂದಿಯಲ್ಲೇ.

ಪರಿಹಾರ ಗೊತ್ತಿದ್ದೂ ಏನಾಯಿತು ನೋಡಿ. 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಸಂಸ್ಥೆಯ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಇದೇ ದಾರಿಯಲ್ಲಿ ಹೊರಬಿದ್ದವು. 2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ದೂರಸಂಪರ್ಕ ಸಂಸ್ಥೆಯ 1,56,959 ಗ್ರಾಹಕರ ವಿವರ ಹೋಯಿತು. ಟಾಕ್‌ಟಾಕ್ ಕೊಂಡಿದ್ದ ಇನ್ನೊಂದು ಕಂಪನಿಯ ಜತೆ ಬಂದ, ಯಾರೂ ಗಮನಿಸದೆ ಬಿಟ್ಟಿದ್ದ ಹಳೆಯ ಪುಟಗಳೇ ಅಲ್ಲಿ ದಾರಿಯಾದವು. ಮುಂದಿನ ವರ್ಷ ಅಲ್ಲಿನ ಮಾಹಿತಿ ಆಯುಕ್ತರು 4 ಲಕ್ಷ ಪೌಂಡ್ ದಂಡ ಹಾಕಿದರು. 2023ರ ಮೇ ತಿಂಗಳಲ್ಲಿ ಮೂವ್‌ಇಟ್ ಎಂಬ ಕಡತ ಸಾಗಣೆ ತಂತ್ರಾಂಶದ ಮೂಲಕ ಹಲವು ದೇಶಗಳ ಸಂಸ್ಥೆಗಳ ಮಾಹಿತಿ ಕದ್ದದ್ದೂ ಎಸ್‌ಕ್ಯುಎಲ್ ಇಂಜೆಕ್ಷನ್‌ನಿಂದಲೇ. ಇಪ್ಪತ್ತೈದು ವರ್ಷ ಹಳೆಯ, ಮದ್ದು ಪುಕ್ಕಟೆ ಸಿಗುವ ಕಾಯಿಲೆ! ಇದರ ಹೊಣೆಯನ್ನು ನಾನು ಹ್ಯಾಕರ್‌ಗಳ ಜಾಣತನದ ಮೇಲೆ ಹೊರಿಸಲಾರೆ. ಅಂಟಿಸುವ ರೂಢಿಯನ್ನೇ ಇನ್ನೂ ಮೊದಲ ಪಾಠವಾಗಿ ಕಲಿಸುವ ಪಠ್ಯಗಳು, ಯಾರೂ ಮುಟ್ಟದ ಹಳೆಯ ಕೋಡ್, ಇವೆರಡೇ ಸಾಕು.

ಎರಡನೆಯದು ನಂಬಿಕೆಯ ಪ್ರಶ್ನೆ. ಬ್ರೌಸರ್‌ನಲ್ಲೇ ತಪಾಸಣೆ ಮಾಡುವುದು ಈಗ ಸುಲಭ. ಇಮೇಲ್ ಸರಿಯಿಲ್ಲದಿದ್ದರೆ ಚೌಕ ಕೆಂಪಾಗುತ್ತದೆ, ಗುಂಡಿ ಒತ್ತಲು ಬಿಡುವುದಿಲ್ಲ. ಇದು ಬಳಕೆದಾರರಿಗೆ ಮಾಡುವ ಉಪಕಾರ, ಅಷ್ಟೆ. ಬ್ರೌಸರ್ ಅವರ ಯಂತ್ರದಲ್ಲಿದೆ, ಅವರ ಮಾತು ಕೇಳುತ್ತದೆ. ಬ್ರೌಸರ್ ಇಲ್ಲದೆಯೂ ಸರ್ವರ್‌ಗೆ ಏನು ಬೇಕಾದರೂ ಕಳಿಸಬಹುದು. ಫಾರಂನಲ್ಲಿ ಇಲ್ಲದ ಚೌಕವನ್ನೂ ಸೇರಿಸಿ ಕಳಿಸಬಹುದು ಎಂಬುದು ಹೆಚ್ಚಿನವರಿಗೆ ಹೊಳೆದದ್ದು 2012ರ ಮಾರ್ಚ್‌ನಲ್ಲಿ. ರೂಬಿ ಆನ್ ರೈಲ್ಸ್ ಫ್ರೇಮ್‌ವರ್ಕ್, ಬಂದ ಚೌಕಗಳನ್ನೆಲ್ಲ ಅದೇ ಹೆಸರಿನ ಕಾಲಂಗಳಿಗೆ ಒಟ್ಟಿಗೇ ತುಂಬಿಬಿಡುವ ಅನುಕೂಲ ಮಾಡಿಕೊಟ್ಟಿತ್ತು. ಇದು ಅಪಾಯ ಎಂದು ಯೆಗೋರ್ ಹೊಮಾಕೋವ್ ದೂರಿದರು, ಯಾರೂ ಕಿವಿಗೊಡಲಿಲ್ಲ. ಅವರು ಗಿಟ್‌ಹಬ್‌ನ ಫಾರಂಗೆ ಒಂದು ಹೆಚ್ಚುವರಿ ಚೌಕ ಸೇರಿಸಿ ಕಳಿಸಿ, ರೈಲ್ಸ್‌ನದೇ ಕೋಡ್ ಭಂಡಾರಕ್ಕೆ ಬರೆಯುವ ಅಧಿಕಾರ ಪಡೆದು ತೋರಿಸಿದರು. ಮರುವರ್ಷದ ರೈಲ್ಸ್ 4ರಲ್ಲಿ ಯಾವ ಚೌಕಗಳನ್ನು ಒಪ್ಪಿಕೊಳ್ಳಬೇಕೆಂದು ಹೆಸರು ಹೇಳಿಯೇ ಪಟ್ಟಿ ಕೊಡಬೇಕಾಯಿತು.

ಎರಡು ಸಲ ಬಂದ ಅರ್ಜಿಯ ವಿಚಾರ ಕೇಳಲು ಚಿಕ್ಕದು, ಹಣದ ವ್ಯವಹಾರದಲ್ಲಿ ಚಿಕ್ಕದಲ್ಲ. ನೆಟ್‌ವರ್ಕ್ ನಿಧಾನವಾದರೆ ಜನ ಗುಂಡಿಯನ್ನು ಮತ್ತೊಮ್ಮೆ ಒತ್ತುತ್ತಾರೆ, ಪುಟವನ್ನು ರಿಫ್ರೆಶ್ ಮಾಡುತ್ತಾರೆ. ಉಳಿಸಿದ ಕೂಡಲೇ ಬೇರೊಂದು ಪುಟಕ್ಕೆ ಕಳಿಸಿಬಿಟ್ಟರೆ ರಿಫ್ರೆಶ್‌ನ ಕಾಟ ತಪ್ಪುತ್ತದೆ. ಫಾರಂ ಜತೆ ಒಂದೇ ಸಲ ಬಳಸುವ ಗುರುತೊಂದನ್ನು ಕಳಿಸಿ ಅದನ್ನೂ ಟೇಬಲ್‌ನಲ್ಲಿಟ್ಟರೆ ಎರಡನೇ ಒತ್ತು ವ್ಯರ್ಥವಾಗುತ್ತದೆ. ‘ಈ ಇಮೇಲ್ ಈಗಾಗಲೇ ಇದೆಯೇ ಎಂದು ಮೊದಲು ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಬರೆದು ನಿಶ್ಚಿಂತರಾಗುವವರು ಬಹಳ. ನೋಡುವುದಕ್ಕೂ ಸೇರಿಸುವುದಕ್ಕೂ ನಡುವಿನ ಕೆಲವೇ ಮಿಲಿಸೆಕೆಂಡುಗಳಲ್ಲಿ ಇನ್ನೊಂದು ಅರ್ಜಿ ಅದೇ ಇಮೇಲ್ ಹಿಡಿದು ನುಗ್ಗಬಹುದು. ಅದನ್ನು ತಡೆಯಬಲ್ಲದ್ದು ಡೇಟಾಬೇಸ್ ಮಾತ್ರ, ಕಾಲಂನ ಮೇಲಿನ ಅನನ್ಯತೆಯ ನಿಬಂಧನೆಯ ಮೂಲಕ. ಅಪ್ಲಿಕೇಶನ್‌ನಲ್ಲೇ ಎಲ್ಲ ನಿಯಮ ಇದೆಯಲ್ಲ, ಡೇಟಾಬೇಸಿಗೇಕೆ ಎಂಬ ವಾದ ಆಗಾಗ ಕೇಳಿಬರುತ್ತದೆ. ನನ್ನ ಮತ ಇನ್ನೊಂದು ಪಕ್ಷಕ್ಕೆ. ಅಪ್ಲಿಕೇಶನ್‌ಗಳು ಬದಲಾಗುತ್ತವೆ, ಒಂದೇ ಟೇಬಲ್‌ಗೆ ನಾಲ್ಕು ಕಡೆಯಿಂದ ಬರೆಯುತ್ತವೆ. ಟೇಬಲ್ ಮಾತ್ರ ಉಳಿಯುತ್ತದೆ. ಕೊನೆಯ ‘ಆಗದು’ ಅದರ ಬಾಯಲ್ಲೇ ಇರಲಿ.

ಇದರ ಸೋದರ ಸಮಸ್ಯೆಯೊಂದು 2005ರ ಮೇ ತಿಂಗಳಲ್ಲಿ ಬೆಳಕಿಗೆ ಬಂತು. ಪುಟಗಳನ್ನು ಬೇಗ ತೋರಿಸಲೆಂದು ಗೂಗಲ್ ಹೊರಬಿಟ್ಟ ವೆಬ್ ಆಕ್ಸಿಲರೇಟರ್, ತೆರೆದ ಪುಟದಲ್ಲಿದ್ದ ಕೊಂಡಿಗಳನ್ನೆಲ್ಲ ಮುಂಚಿತವಾಗಿಯೇ ತೆರೆದು ನೋಡುತ್ತಿತ್ತು. ಕೆಲವು ತಾಣಗಳಲ್ಲಿ ‘ಅಳಿಸು’ ಎಂಬುದೂ ಒಂದು ಸಾದಾ ಕೊಂಡಿಯಾಗಿತ್ತು. ಜನ ನೋಡನೋಡುತ್ತಿದ್ದಂತೆ ಅವರ ಕಡತಗಳು ಅಳಿಸಿಹೋದವು. ಓದಲು ಗೆಟ್, ಬದಲಿಸಲು ಪೋಸ್ಟ್ ಎಂಬ ನಿಯಮ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು. ಅದು ಏಕೆ ಇದೆಯೆಂದು ಹಲವರಿಗೆ ತಿಳಿದದ್ದು ಆ ವಾರ.

ಉಳಿಸಿದ ಮೇಲೂ ಮಾಹಿತಿ ತಣ್ಣಗೆ ಕೂರುವುದಿಲ್ಲ. 2005ರ ಅಕ್ಟೋಬರ್‌ನಲ್ಲಿ ಸ್ಯಾಮಿ ಕಮ್ಕಾರ್ ಎಂಬ ತರುಣ ಮೈಸ್ಪೇಸ್‌ನ ತನ್ನ ಪರಿಚಯದ ಚೌಕದಲ್ಲಿ ಜಾವಾಸ್ಕ್ರಿಪ್ಟ್ ತುಣುಕೊಂದನ್ನು ಬರೆದಿಟ್ಟ. ಅದನ್ನು ನೋಡಿದವರೆಲ್ಲ ತಮಗರಿವಿಲ್ಲದೆ ಅವನ ಸ್ನೇಹಿತರಾಗುತ್ತಿದ್ದರು, ಅವರ ಪರಿಚಯದಲ್ಲೂ ಅದೇ ತುಣುಕು ಕೂರುತ್ತಿತ್ತು. ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷ ಮಂದಿ ಸ್ನೇಹಿತರು. ಇಂಥದ್ದನ್ನು ಒಳಬರುವಾಗಲೇ ತೊಳೆದು ಉಳಿಸಬೇಕೆ, ಹೊರಗೆ ತೋರಿಸುವಾಗ ನಿಷ್ಕ್ರಿಯಗೊಳಿಸಬೇಕೆ ಎಂಬ ಚರ್ಚೆ ಬಹುಕಾಲ ನಡೆಯಿತು. ಈಗ ಅದು ಹೆಚ್ಚುಕಡಿಮೆ ಮುಗಿದಿದೆ. ಬರೆದವರು ಬರೆದಂತೆಯೇ ಉಳಿಸಿ, ತೋರಿಸುವ ಜಾಗಕ್ಕೆ ತಕ್ಕಂತೆ ಅಲ್ಲಿಯೇ ಪರಿವರ್ತಿಸಿ. ಅದೇ ಮಾಹಿತಿ ನಾಳೆ ಪಿಡಿಎಫ್‌ಗೆ ಹೋಗಬಹುದು, ಎಸ್‌ಎಂಎಸ್‌ಗೆ ಹೋಗಬಹುದು. ಪ್ರತಿಯೊಂದಕ್ಕೂ ಅಪಾಯದ ಚಿಹ್ನೆಗಳು ಬೇರೆ ಬೇರೆ. ಬಳಕೆದಾರರೇ ದಪ್ಪಕ್ಷರ, ಕೊಂಡಿ ಹಾಕಿ ಬರೆಯುವ ಚೌಕಗಳಿಗೆ ಮಾತ್ರ ಒಳಗಡೆಯ ತೊಳೆತವೂ ಬೇಕಾಗುತ್ತದೆ.

ಇಷ್ಟೆಲ್ಲ ಇಂಗ್ಲಿಷ್ ಪುಸ್ತಕಗಳಲ್ಲಿ ಚೆನ್ನಾಗಿಯೇ ಸಿಗುತ್ತದೆ. ಅಲ್ಲಿ ಸಿಗದ್ದು, ಕನ್ನಡದಲ್ಲಿ ಫಾರಂ ತುಂಬಿದರೆ ಏನಾಗುತ್ತದೆ ಎಂಬುದು.

ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ನಾವು ಒಂದೇ ಅಕ್ಷರವೆಂದು ಓದುವ ‘ಸ್ತ್ರೀ’ ಒಳಗೆ ಆರು ಸಂಕೇತ, ಹದಿನೆಂಟು ಬೈಟು. ಒರಾಕಲ್ ಡೇಟಾಬೇಸಿನಲ್ಲಿ ಕಾಲಂನ ಅಳತೆ 30 ಎಂದರೆ, ಬೇರೆ ಹೇಳದಿದ್ದರೆ, 30 ಬೈಟು. ‘ವಿಶ್ವೇಶ್ವರಯ್ಯ’ ಎಂಬ ಹೆಸರಿಗೆ 39 ಬೈಟು ಬೇಕು. ಇಂಗ್ಲಿಷ್ ಲಿಪಿಯಲ್ಲಿ ಹಾಯಾಗಿ ಕೂರುವ ಹೆಸರು ತನ್ನದೇ ಲಿಪಿಯಲ್ಲಿ ಜಾಗವಿಲ್ಲದೆ ಹೊರಗೆ ನಿಲ್ಲುತ್ತದೆ. ಮೈಎಸ್‌ಕ್ಯುಎಲ್ ಅಕ್ಷರ ಲೆಕ್ಕದಲ್ಲಿ ಅಳೆಯುತ್ತದೆ. ಅಲ್ಲಿನ ತೊಡಕು ಬೇರೆ. ಅದು ಯುಟಿಎಫ್-8 ಎಂದು ಕರೆದದ್ದು ಮೂರು ಬೈಟಿಗೆ ನಿಲ್ಲುವ ಅರೆ ಯುಟಿಎಫ್-8. ಕನ್ನಡ ಅದರಲ್ಲಿ ಹಿಡಿಸಿತು, ಇಮೋಜಿ ಹಿಡಿಸಲಿಲ್ಲ. ಸಡಿಲ ವ್ಯವಸ್ಥೆಯಲ್ಲಿ ವಾಕ್ಯದ ನಡುವೆ ಒಂದು ನಗುಮುಖ ಬಂದರೆ ಅಲ್ಲಿಂದ ಮುಂದಿನದೆಲ್ಲ ಕತ್ತರಿಸಿಹೋಗುತ್ತಿತ್ತು. ನಾಲ್ಕು ಬೈಟಿನ ಪೂರ್ಣ ರೂಪ 2010ರಲ್ಲಿ ಬಂತು, 2018ರ 8.0 ಆವೃತ್ತಿಯಲ್ಲಿ ಪೂರ್ವನಿಯೋಜಿತವಾಯಿತು. ಕರಾವಳಿಯವರು ಇದನ್ನು ಗಮನಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಯುನಿಕೋಡ್ 16ಕ್ಕೆ ಸೇರಿದ ತುಳು-ತಿಗಳಾರಿ ಲಿಪಿಯ ಪ್ರತಿ ಸಂಕೇತವೂ ನಾಲ್ಕು ಬೈಟಿನದು. ಹಳೆಯ ಟೇಬಲ್‌ಗಳನ್ನು ಬದಲಿಸದಿದ್ದರೆ ಆ ಲಿಪಿಯಲ್ಲಿ ಬರೆದ ಒಂದಕ್ಷರವೂ ಉಳಿಯದು.

ತಪಾಸಣೆಯ ನಿಯಮಗಳಲ್ಲಂತೂ ತಮಾಷೆಗೆ ಕೊನೆಯಿಲ್ಲ. ಹೆಸರಿನಲ್ಲಿ ಇಂಗ್ಲಿಷಿನ 26 ಅಕ್ಷರ ಬಿಟ್ಟು ಬೇರೇನೂ ಕೂಡದು ಎನ್ನುವ ಫಾರಂಗಳು ಹಳೆಯ ಪರಿಚಯ. ಈಗಿನವರು ಎಚ್ಚೆತ್ತು ‘ಯಾವ ಭಾಷೆಯದಾದರೂ ಸರಿ, ಅಕ್ಷರವಾಗಿದ್ದರೆ ಸಾಕು’ ಎಂದು ಬರೆಯುತ್ತಾರೆ. ಯುನಿಕೋಡ್ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳೂ ಒತ್ತಕ್ಷರ ಬೆಸೆಯುವ ವಿರಾಮವೂ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ಹಾಗಾಗಿ ಕಮಲ ಪಾಸಾಗುತ್ತಾಳೆ, ಸೀತಾ ಫೇಲಾಗುತ್ತಾಳೆ. ಗಗನನಿಗೆ ಪ್ರವೇಶ, ಕೃಷ್ಣನಿಗೆ ಇಲ್ಲ. ಗುರುತುಗಳನ್ನೂ ಒಪ್ಪಿಕೊಂಡರೆ ರಾಜ್‌ಕುಮಾರ್ ಬಂದು ನಿಲ್ಲುತ್ತಾರೆ. ಜ ಮತ್ತು ಕ ಒತ್ತಾಗಿ ಬೆಸೆಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ‘ಅನುಮಾನಾಸ್ಪದ ಅದೃಶ್ಯ ಅಕ್ಷರ’ ಎಂದು ಸುರಕ್ಷತಾ ಜಾಲರಿ ಅದನ್ನು ಕಿತ್ತೆಸೆದರೆ ಹೆಸರಿನ ರೂಪವೇ ಕೆಡುತ್ತದೆ. ಕೀಲಿಮಣೆಯಿಂದ ಕೀಲಿಮಣೆಗೆ ಬದಲಾಗುವ ಇನ್ನೊಂದು ಸೂಕ್ಷ್ಮವಿದೆ. ‘ಕೊಡಗು’ ಎಂಬಲ್ಲಿನ ಕೊ ಅಕ್ಷರದ ಒಕಾರ ಒಂದೇ ಚಿಹ್ನೆಯಾಗಿಯೂ ಬರಬಹುದು, ಎರಡು ಚಿಹ್ನೆಗಳ ಜೋಡಣೆಯಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಬೈಟು ಬೈಟಾಗಿ ಹೋಲಿಸಿದರೆ ಬೇರೆ. ಉಳಿಸುವ ಮೊದಲು ಯುನಿಕೋಡ್‌ನ ಪ್ರಮಾಣೀಕೃತ ರೂಪಕ್ಕೆ ತರದಿದ್ದರೆ, ಒಂದೇ ಊರಿನವರು ಎರಡು ಊರಿನವರಾಗಿ ದಾಖಲಾಗುತ್ತಾರೆ. ಹುಡುಕಿದಾಗ ಅರ್ಧ ಜನ ಸಿಗುವುದಿಲ್ಲ.

ಲಿಪಿಯನ್ನೂ ದಾಟಿದ್ದು ಹೆಸರಿನ ಆಕಾರ. ಮೊದಲ ಹೆಸರು, ಕೊನೆಯ ಹೆಸರು, ಎರಡೂ ಕಡ್ಡಾಯ: ಈ ಎರಡು ಚೌಕಗಳು ಪಶ್ಚಿಮದ ಕುಟುಂಬನಾಮದ ಪದ್ಧತಿಯಿಂದ ಬಂದವು. ಹಳೆ ಮೈಸೂರು ಕಡೆಯ ಎಷ್ಟೋ ಜನರಿಗೆ ಇರುವುದು ಊರಿನದೊಂದು, ತಂದೆಯದೊಂದು ಇನಿಷಿಯಲ್ ಮತ್ತು ಒಂದು ಹೆಸರು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿದೆ, ನಡುವೆ ತಂದೆಯ ಹೆಸರಿದೆ. ಕೊನೆಯ ಹೆಸರು ಕಡ್ಡಾಯವೆಂದಾಗ ಒಬ್ಬರು ಚುಕ್ಕಿ ಹಾಕುತ್ತಾರೆ, ಇನ್ನೊಬ್ಬರು ತಮ್ಮ ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಮತ್ತೊಬ್ಬರು ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನು ಮನೆತನವಾಗಿಸುತ್ತಾರೆ. ಒಂದು ಕಾರ್ಡಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಆಮೇಲೆ ಎರಡೂ ಹೊಂದುತ್ತಿಲ್ಲವೆಂದು ಅಫಿಡವಿಟ್‌ಗೆ ಅಲೆಯಬೇಕಾದವರು ಅವರೇ. ಪ್ಯಾಟ್ರಿಕ್ ಮೆಕೆಂಜಿ 2010ರಲ್ಲಿ, ಹೆಸರುಗಳ ಬಗ್ಗೆ ಪ್ರೋಗ್ರಾಮರ್‌ಗಳು ನಂಬಿಕೊಂಡಿರುವ ಸುಳ್ಳುಗಳ ಉದ್ದ ಪಟ್ಟಿಯನ್ನೇ ಮಾಡಿದ್ದರು. ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವರು, ತಮ್ಮ ಅಪ್ಪನ ಹೆಸರೇ ಕೂರದ ಟೇಬಲ್‌ಗಳನ್ನು ಇನ್ನೂ ಕಟ್ಟುತ್ತಿರುವುದು ನನಗೆ ಬಿಡಿಸಲಾಗದ ಒಗಟು. ‘ಪೂರ್ಣ ಹೆಸರು’ ಎಂಬ ಒಂದೇ ಒಂದು ಉದ್ದನೆಯ ಚೌಕ ಸಾಕಲ್ಲ!

ಸ್ಥಳೀಯ ವಾಸ್ತವಕ್ಕೆ ತಕ್ಕಂತೆ ಕಟ್ಟಿದ ಉದಾಹರಣೆಯೂ ನಮ್ಮಲ್ಲೇ ಇದೆ. ವೆಬ್ ಫಾರಂಗಳು ಹಳ್ಳಿಗೆ ಬರುವ ಮೊದಲೇ ಕರ್ನಾಟಕದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕನ್ನಡದಲ್ಲೇ ಗಣಕಕ್ಕೆ ತಂದಿತು. ತಾಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬದಲಾವಣೆಯನ್ನು ನಿಭಾಯಿಸಿದ ರೀತಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳಬೇಕು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಯಾರು ತಿದ್ದಿದರು ಎಂಬುದೂ ದಾಖಲೆಯ ಭಾಗ. ಇಂದಿನ ಬಹುಪಾಲು ವೆಬ್ ಅಪ್ಲಿಕೇಶನ್‌ಗಳು ಹಳೆಯ ಮೌಲ್ಯದ ಮೇಲೆ ಹೊಸದನ್ನು ಬರೆದು ಮುಗಿಸುತ್ತವೆ. ವಿಳಾಸ ಬದಲಾದದ್ದು ಯಾವಾಗ, ಬದಲಿಸಿದ್ದು ಗ್ರಾಹಕರೋ ಕಾಲ್ ಸೆಂಟರಿನವರೋ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಇನ್ನು, ಏನನ್ನು ಉಳಿಸಬಾರದು ಎಂಬ ಪ್ರಶ್ನೆ. ಪಾಸ್‌ವರ್ಡನ್ನು ಇದ್ದಂತೆ ಉಳಿಸಬಾರದು ಎಂಬುದು ಹಳೆಯ ಪಾಠ. ಬಿಕ್ರಿಪ್ಟ್ ವಿಧಾನ ಬಂದದ್ದು 1999ರಲ್ಲಿ. ಹತ್ತು ವರ್ಷದ ನಂತರ ಹೊರಬಿದ್ದ ರಾಕ್‌ಯೂ ಪಾಸ್‌ವರ್ಡ್‌ಗಳು ಯಾವ ಮರೆಯೂ ಇಲ್ಲದೆ ಟೇಬಲ್‌ನಲ್ಲಿ ಕೂತಿದ್ದವು, ಅದಕ್ಕೇ ಅಷ್ಟು ಹಾನಿ. ಉಳಿದ ಕಾಲಂಗಳ ಮಾತು? ಒಂದು ಸಂಗೀತ ಕಛೇರಿಯ ಪಾಸಿಗೆ ಹುಟ್ಟಿದ ದಿನಾಂಕ, ಅಪಾರ್ಟ್‌ಮೆಂಟ್ ಗೇಟಿನ ಆ್ಯಪಿಗೆ ಆಧಾರ್ ಪ್ರತಿ. ‘ಇರಲಿ, ಮುಂದೆ ಬೇಕಾದೀತು’ ಎಂಬುದೇ ಇದಕ್ಕೆ ಕಾರಣ. ಡಿಸ್ಕ್ ಅಗ್ಗವಾದ ಮೇಲೆ ಈ ಚಾಳಿ ಬೆಳೆಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿಗೆ ಒಪ್ಪಿಗೆ ಸಲ್ಲುತ್ತದೆ, ಉದ್ದೇಶ ತೀರಿದ ಮೇಲೆ ಅಳಿಸಬೇಕು, ಕಾಪಾಡಲು ತಕ್ಕ ಎಚ್ಚರ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಸರ್ಕಾರಕ್ಕೆ ಅದರಲ್ಲಿ ವಿಶಾಲ ವಿನಾಯಿತಿಗಳಿವೆ ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಕೋಡ್ ಬರೆಯುವವರ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಅಳಿಸುವುದೆಂದರೆ ಒಂದು ಸಾಲನ್ನು ಟೇಬಲ್‌ನಿಂದ ತೆಗೆಯುವುದಷ್ಟೇ ಅಲ್ಲವಲ್ಲ. ಬ್ಯಾಕಪ್‌ಗಳಲ್ಲಿ, ಲಾಗ್‌ಗಳಲ್ಲಿ, ಯಾರೋ ಎಕ್ಸೆಲ್‌ಗೆ ಇಳಿಸಿಕೊಂಡು ಇಮೇಲ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಅದು ಉಳಿದಿರುತ್ತದೆ. ‘ಅಳಿಸಲಾಗಿದೆ’ ಎಂಬ ಗುರುತು ಹಾಕಿ ಸಾಲನ್ನು ಹಾಗೇ ಇಟ್ಟುಕೊಳ್ಳುವ ರೂಢಿ ಈ ಕಾಯ್ದೆಯ ಎದುರು ನಿಲ್ಲುವುದು ಕಷ್ಟ.

ನಿಮ್ಮ ಕೈಯಲ್ಲಿ ಒಂದು ಫಾರಂ ಇದ್ದರೆ ಈ ವಾರ ಎರಡು ಕೆಲಸ ಮಾಡಿ. ‘ಸ್ತ್ರೀ’, ‘ರಾಜ್‌ಕುಮಾರ್’, ಓ’ಬ್ರಯನ್, ಅಡ್ಡಹೆಸರಿಲ್ಲದ ಒಬ್ಬ ‘ಎಚ್. ಡಿ. ಕೃಷ್ಣ’, ನಡುವೆ ಒಂದು ಇಮೋಜಿ, ಇಷ್ಟನ್ನೂ ತುಂಬಿಸಿ ಉಳಿಸಿ, ಮತ್ತೆ ತೆರೆದು ನೋಡಿ. ಹೋದಂತೆಯೇ ಮರಳಿ ಬರಬೇಕು. ಆಮೇಲೆ ಟೇಬಲ್‌ನ ಒಂದೊಂದು ಕಾಲಂ ಯಾತಕ್ಕೆ ಬೇಕೆಂದು ಒಂದು ಸಾಲು ಬರೆಯಿರಿ. ಸಾಲು ಬರೆಯಲಾಗದ ಕಾಲಂ ಇದ್ದರೆ ಫಾರಂನಿಂದ ಆ ಚೌಕವನ್ನೂ ಡೇಟಾಬೇಸಿನಿಂದ ಆ ಕಾಲಂ ಅನ್ನೂ ತೆಗೆಯಿರಿ, ಬ್ಯಾಕಪ್ ಮರೆಯಬೇಡಿ.